ಓರೆ ಇಟ್ಟಿಗೆಯ ಸಾಲು

ಮೇ 13

ರಾತ್ರಿ ಕೃತ್ತಿಕೆ ಮಳೆ ಜೋರಾಗಿಯೇ ಹೊಡೆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹೂವಿನ ಪಾತಿಯ ಮಣ್ಣೆಲ್ಲ ಕಾಲುದಾರಿಯಲ್ಲಿ. ಕನಕಾಂಬರದ ಬುಡ ಬರಿದಾಗಿ ಬೇರು ಕಾಣುತ್ತಿದೆ. ಮೈಸೂರಿನ ನಮ್ಮ ಕೆಂಪು ಮಣ್ಣಿನಲ್ಲಿ ಮರಳಿನ ಪಾಲು ಹೆಚ್ಚು. ಬೇಸಿಗೆಯಲ್ಲಿ ಮೇಲ್ಪದರ ಗಟ್ಟಿಯಾಗಿ ಕುಳಿತಿರುತ್ತದೆ. ಮೊದಲ ದೊಡ್ಡ ಹನಿಗಳು ಅದನ್ನು ಕುಟ್ಟಿ ಸಡಿಲ ಮಾಡುತ್ತವೆ, ನೀರು ಒಳಗೆ ಇಂಗುವ ಮೊದಲೇ ಹೊತ್ತುಕೊಂಡು ಹೊರಡುತ್ತದೆ. ಹೋಗುವುದು ಬರಿ ಮಣ್ಣೂ ಅಲ್ಲ. ಚಳಿಗಾಲದಿಂದ ಹಾಕಿದ ಎಲೆಗೊಬ್ಬರ ಹಗುರ, ಅದೇ ಮೊದಲು ತೇಲಿ ಹೋಗುತ್ತದೆ.

ಪಾತಿಗೆ ಅಂಚು ಕಟ್ಟಲೇಬೇಕು, ಅದೂ ಮೃಗಶಿರೆ ಹುಟ್ಟುವುದರೊಳಗೆ. ಪ್ಲಾಸ್ಟಿಕ್ಕಿನ ಹಸಿರು ಬೇಲಿ ಬೇಡ. ಬಿಸಿಲಿಗೆ ಪೆಡಸಾಗಿ ಚೂರುಚೂರಾಗಿ ಕೊನೆಗೆ ಅದೇ ಮಣ್ಣಿಗೆ ಸೇರುತ್ತದೆ. ಕರಾವಳಿಯಲ್ಲಾದರೆ ಹಳೇ ಹೆಂಚನ್ನು ನಿಲ್ಲಿಸಿ ನೆಡುತ್ತಾರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕಡೆಯ ಹಿತ್ತಿಲಿಗೆ ಹೆಂಚು ಸಹಜವಾಗಿಯೇ ಒದಗಿಬಂತು. ನಮ್ಮ ಊರಿಗೆ ಇಟ್ಟಿಗೆ.

ಮೇ 16

ಹಿಂದಿನ ಬೀದಿಯಲ್ಲಿ ಕೆಡವುತ್ತಿರುವ ಹಳೇ ಮನೆಯಿಂದ ಇಟ್ಟಿಗೆ ತಂದಾಯಿತು. ಸುಣ್ಣದ ಗಾರೆಯಲ್ಲಿ ಎಬ್ಬಿಸಿದ ಗೋಡೆ. ಅದರ ಒಳ್ಳೆಯತನ ಪೂರಾ ಗೊತ್ತಾಗುವುದು ಕೆಡವುವಾಗ. ಗಾರೆ ಇಟ್ಟಿಗೆಗಿಂತ ಮೆದು; ಕರಣೆಯಿಂದ ನಾಲ್ಕು ಸಲ ತಟ್ಟಿದರೆ ಉದುರಿ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟ್ ಗೋಡೆಯಲ್ಲಿ ತಿರುವುಮುರುವು. ಅಲ್ಲಿ ಗಾರೆ ಗಟ್ಟಿ, ಬಿಡಿಸಲು ಹೋದರೆ ಇಟ್ಟಿಗೆಯೇ ಹೋಳು. ನಾವೀಗ ಕಟ್ಟುತ್ತಿರುವ ಮನೆಗಳನ್ನು ಮುಂದೆ ಕೆಡವುವವರಿಗೆ ಒಂದು ಪಾತಿಯ ಅಂಚಿಗಾಗುವಷ್ಟು ಇಡೀ ಇಟ್ಟಿಗೆಯೂ ಸಿಗಲಿಕ್ಕಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಮೇಸ್ತ್ರಿಯೂ ನಾನೂ ಕುಳಿತು ಆರಿಸಿದೆವು. ಅವರದು ಕಿವಿಯ ಪರೀಕ್ಷೆ: ಎರಡು ಇಟ್ಟಿಗೆ ತಾಗಿಸಿದರೆ ಲೋಹದ ಹಾಗೆ ಕಣ್ ಎನ್ನಬೇಕು. ಮಂಕು ಸದ್ದಿನವು ಪಕ್ಕಕ್ಕೆ. ಉಗುರಲ್ಲಿ ಗೀರಿದರೆ ಗೆರೆ ಮೂಡಬಾರದು. ನನ್ನದು ನೀರಿನ ಪರೀಕ್ಷೆ. ಒಣಗಿದ ಇಟ್ಟಿಗೆ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಮತ್ತೆ ತೂಗುವುದು. ಸಾಧಾರಣ ಇಟ್ಟಿಗೆಗೆ ಭಾರತೀಯ ಮಾನಕ 1077 ಹೇಳುವ ಮಿತಿ ತೂಕದ ಶೇಕಡ 20. ಮೂರು ಕಿಲೋ ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ನೀರು ಕುಡಿಯಬಾರದು. ಗೋಡೆಯ ಇಟ್ಟಿಗೆಗೆ ಮೇಲೆ ಗಿಲಾವು ಇರುತ್ತದೆ, ಸೂರು ಇರುತ್ತದೆ. ಪಾತಿಯ ಇಟ್ಟಿಗೆ ಅರ್ಧ ಮೈ ಮಣ್ಣಲ್ಲಿ ಹೂತುಕೊಂಡು ಮಳೆಗಾಲ ಪೂರ್ತಿ ನೆನೆಯಬೇಕು. ಅದಕ್ಕೇ ಇಲ್ಲಿ ಆಯ್ಕೆ ಇನ್ನೂ ಬಿಗಿಯಾಗಿರಬೇಕು.

ಗೂಡಿನ ಒಳಗೆ ಬೆಂಕಿಗೆ ಹತ್ತಿರವಿದ್ದು ಅತಿಯಾಗಿ ಬೆಂದ, ಕಪ್ಪಡರಿದ, ಸ್ವಲ್ಪ ಸೊಟ್ಟಗಾದ ಇಟ್ಟಿಗೆಗಳನ್ನು ಗೋಡೆ ಕಟ್ಟುವವರು ಒಲ್ಲರು. ನೆಲಕ್ಕೆ ಅವೇ ವಾಸಿ. ಗಾಜಿನಂತೆ ಬಿಗಿದುಕೊಂಡ ಮೈಯೊಳಗೆ ನೀರು ಇಳಿಯುವುದೇ ಕಷ್ಟ. ಗೂಡಿನ ಹೊರಮೈಯಲ್ಲಿದ್ದು ಅರೆಬೆಂದ ತಿಳಿಗಿತ್ತಳೆಯವು ನೋಡಲು ಚೆಂದ, ಆದರೆ ಎರಡು ಮಳೆಗಾಲಕ್ಕೆ ಮತ್ತೆ ಮಣ್ಣು.

ಅಂಟಿದ ಗಾರೆಯನ್ನು ಪೂರ್ತಿ ಕೆರೆಸಿದೆ. ಸುಣ್ಣ ಪಾತಿಗೆ ಸೇರಿದರೆ ಮಣ್ಣು ಕ್ಷಾರವಾಗುತ್ತದೆ, ಇಕ್ಸೋರದಂಥ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ನರ ಹಸಿರಾಗಿ ಉಳಿದು ಎಲೆ ಹಳದಿಗೆ ತಿರುಗುತ್ತದೆ.

ಮೇ 19

ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಇಟ್ಟಿಗೆ ಜೋಡಿಸಿ ನೋಡಿದೆ. ಹಳೇ ಅಳತೆ: ಒಂಬತ್ತು ಇಂಚು ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪ. ಎರಡು ಅಗಲ ಸೇರಿದರೆ ಒಂದು ಉದ್ದ. ಮೂರು ದಪ್ಪ ಸೇರಿದರೂ ಒಂದು ಉದ್ದ. ಎಲ್ಲ ಚಿತ್ತಾರವೂ ಈ ಎರಡು ಲೆಕ್ಕದೊಳಗೇ ಅಡಗಿದೆ. ಮಲಗಿಸಿದ ಎರಡು ಇಟ್ಟಿಗೆ ಉದ್ದಕ್ಕೆ, ಪಕ್ಕದಲ್ಲಿ ಎರಡು ಅಡ್ಡಕ್ಕೆ, ಮತ್ತೆ ಎರಡು ಉದ್ದಕ್ಕೆ: ಚಾಪೆ ಹೆಣಿಗೆ ಸಿದ್ಧ, ಪಟ್ಟಿಯ ಅಗಲ ಸರಿಯಾಗಿ ಒಂಬತ್ತಿಂಚು, ಒಂದು ಇಟ್ಟಿಗೆಯನ್ನೂ ಕಡಿಯಬೇಕಿಲ್ಲ. ಮಗ್ಗುಲಲ್ಲಿ ನಿಲ್ಲಿಸಿದರೆ ಎರಡರ ಬದಲು ಮೂರು ಮೂರು. ಹೆಣಿಗೆ ಇನ್ನೂ ಸಣ್ಣದಾಗಿ, ಇನ್ನೂ ಗಟ್ಟಿಯಾಗಿ ಬರುತ್ತದೆ.

ಹರಪ್ಪದವರ ಇಟ್ಟಿಗೆಯಲ್ಲಿ ದಪ್ಪ, ಅಗಲ, ಉದ್ದ 1:2:4. ಏಳು ಸೆಂಟಿಮೀಟರ್, ಹದಿನಾಲ್ಕು, ಇಪ್ಪತ್ತೆಂಟು. ಅಲ್ಲಿ ಮಗ್ಗುಲಲ್ಲಿ ನಿಲ್ಲಿಸಿದರೆ ನಾಲ್ಕಕ್ಕೆ ಒಂದು ಚೌಕ. ನಾಲ್ಕು ಸಾವಿರ ವರ್ಷ ಹಿಂದೆಯೇ ಇಟ್ಟಿಗೆಯ ಅಳತೆಯಲ್ಲೇ ಜೋಡಣೆಯನ್ನು ಇಟ್ಟವರು ಅವರು. ಈಗಿನ ಮಾಡ್ಯುಲರ್ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಅಗಲ, 9 ದಪ್ಪ. ಎರಡು ಅಗಲಕ್ಕೆ ಹದಿನೆಂಟೇ ಆಯಿತು. ಉಳಿದ ಒಂದು ಸೆಂಟಿಮೀಟರ್ ಗಾರೆಯ ಸಂದಿಗೆ. ಗಾರೆಯಿಲ್ಲದೆ ಜೋಡಿಸುವವರು ಆ ಸಂದಿಯನ್ನು ಬಿಟ್ಟು ಮರಳು ತುಂಬಬೇಕು, ಇಲ್ಲವಾದರೆ ನಾಲ್ಕು ಚೌಕ ದಾಟುವಷ್ಟರಲ್ಲಿ ಸಾಲು ಜಾರಿರುತ್ತದೆ. ದಪ್ಪವೂ ಅಗಲವೂ ಒಂದೇ ಆದ್ದರಿಂದ ಮಗ್ಗುಲಿನ ಮೂರರ ಹೆಣಿಗೆ ಅದರಲ್ಲಿ ಆಗುವುದೇ ಇಲ್ಲ.

ಮೀನಿನ ಮುಳ್ಳಿನ ಜೋಡಣೆಯೂ ಮಾಡಿ ನೋಡಿದೆ. ಕಣ್ಣಿಗೆ ಇದರಷ್ಟು ಹಿತ ಬೇರೊಂದಿಲ್ಲ. ಆದರೆ ಅದಕ್ಕೆ ಹರವು ಬೇಕು. ಒಂಬತ್ತಿಂಚಿನ ಪಟ್ಟಿಯಲ್ಲಿ ಮುಳ್ಳು ಮೂಡುವ ಮೊದಲೇ ಅಂಚು ಬಂದು ಕಡಿಯುತ್ತದೆ, ಬದಿಗೆಲ್ಲ ತುಂಡು ಇಟ್ಟಿಗೆ ತುಂಬಬೇಕು. ಪ್ರತಿ ಇಟ್ಟಿಗೆಯ ತಲೆ ಇನ್ನೊಂದರ ಹೊಟ್ಟೆಗೆ ತಾಗಿರುವುದರಿಂದ ಯಾವ ಕಡೆಯಿಂದ ನೂಕಿದರೂ ಸಾಲು ಕದಲದು. ವಾಹನ ಓಡಾಡುವ ಇಟ್ಟಿಗೆ ನೆಲಕ್ಕೆ ಇದನ್ನೇ ಆರಿಸುವುದು ಅದಕ್ಕೆ. ಫ್ಲಾರೆನ್ಸಿನ ಗುಮ್ಮಟವನ್ನು ಬ್ರೂನೆಲ್ಲೆಸ್ಕಿ 1420ರಿಂದ 1436ರವರೆಗೆ ಎಬ್ಬಿಸಿದಾಗ ನೆಲದಿಂದ ಮರದ ಆಸರೆ ಕಟ್ಟದೆ ಮೇಲಕ್ಕೇರಲು ನೆರವಾದದ್ದೂ ಇದೇ ಜೋಡಣೆ. ನಡುನಡುವೆ ನಿಲ್ಲಿಸಿದ ಇಟ್ಟಿಗೆಗಳು ಮಲಗಿಸಿದವನ್ನು ಗಾರೆ ಆರುವ ತನಕ ಜಾರದಂತೆ ಹಿಡಿದುಕೊಂಡವು.

ಇಷ್ಟು ಹೊತ್ತು ಜೋಡಿಸಿ ಬಿಚ್ಚಿ ನನಗೆ ಖಚಿತವಾದದ್ದು: ಚಿತ್ತಾರ ಎನ್ನುವುದು ಕೆಲಸ ಮುಗಿದ ಮೇಲೆ ಬಳಿಯುವ ಬಣ್ಣವಲ್ಲ. ಇಟ್ಟಿಗೆಯ ಅಳತೆ ಏನು ಬಿಡುತ್ತದೆ, ಮಣ್ಣು ಯಾವ ಕಡೆ ನೂಕುತ್ತದೆ, ನೀರು ಎಲ್ಲಿ ಹೊರಡಬೇಕು, ಈ ಮೂರಕ್ಕೆ ಕೊಟ್ಟ ಉತ್ತರವೇ ಚೆಂದವಾಗಿ ಕಾಣುತ್ತದೆ. ಹಾಗಿಲ್ಲದೆ ಚಿತ್ರ ನೋಡಿ ಆರಿಸಿದ ಅಂಚು ಒಂದೇ ಮಳೆಗಾಲದಲ್ಲಿ ಸಡಿಲವಾಗುತ್ತದೆ.

ಮೇ 24

ಅರಸೀಕೆರೆಗೆ ಹೋಗಿ ಬಂದೆ, ರೈಲಿನಲ್ಲಿ. ದಾರಿಯ ಸಣ್ಣ ಸ್ಟೇಷನ್ನೊಂದರಲ್ಲಿ ಊರಿನ ಹೆಸರಿನ ಹಲಗೆಯ ಕೆಳಗೆ ಓರೆ ಇಟ್ಟಿಗೆಯ ಪಾತಿ ಕಂಡಿತು. ಒಳಗೆ ಕ್ಯಾನಾ ಹೂ, ಸುತ್ತ ಒಂದಕ್ಕೊಂದು ಒರಗಿ ಅರ್ಧ ಹೂತ ಇಟ್ಟಿಗೆಗಳು, ಒಂದಕ್ಕೆ ಸುಣ್ಣ ಇನ್ನೊಂದಕ್ಕೆ ಕೆಮ್ಮಣ್ಣು. ನಮ್ಮ ಕಡೆ ಈ ಅಂಚು ಕಾಣದ ಊರಿಲ್ಲ: ಶಾಲೆ, ಪೊಲೀಸ್ ಠಾಣೆ, ಪ್ರವಾಸಿ ಮಂದಿರ, ಆಸ್ಪತ್ರೆಯ ಧ್ವಜಸ್ತಂಭದ ಸುತ್ತು. ತೋಟದ ವಿಷಯ ಬರೆಯುವವರು ಇದನ್ನು ಎಣಿಕೆಗೇ ತರುವುದಿಲ್ಲ. ಸರ್ಕಾರಿ ಕಾಂಪೌಂಡಿನ ವಸ್ತು ಎಂದು ಬಿಟ್ಟುಬಿಡುತ್ತಾರೆ.

ನಾನು ಇದನ್ನು ಮೊದಲ ಸಾಲಿನಲ್ಲಿಡುತ್ತೇನೆ. ಒಂದು ಇಟ್ಟಿಗೆಯ ಭಾರ ಮುಂದಿನದರ ಮೇಲೆ, ಅದರದು ಮತ್ತೊಂದರ ಮೇಲೆ. ಹೀಗೆ ಒತ್ತಡವೆಲ್ಲ ಸಾಲಿನ ಉದ್ದಕ್ಕೇ ಹರಿದು ಇಟ್ಟಿಗೆಗಳು ಒಂದನ್ನೊಂದು ಬಿಗಿಹಿಡಿಯುತ್ತವೆ. ತುದಿಯಲ್ಲಿ ಒಂದನ್ನು ಆಳವಾಗಿ ನೆಟ್ಟಗೆ ಹೂಳಿದರೆ ಸಾಲು ಅಲ್ಲಿಗೆ ನಿಲ್ಲುತ್ತದೆ. ಗಾರೆ ಬೇಡ, ಕಡಿತ ಬೇಡ, ಮೂಲೆ ಮುಕ್ಕಾದ ಇಟ್ಟಿಗೆಯೂ ನಡೆಯುತ್ತದೆ. ಮುಕ್ಕು ಕೆಳಗೆ ಬರುವ ಹಾಗೆ ಹೂತರಾಯಿತು. ದುಂಡು ಪಾತಿಗೆ ಬೇಕೆ, ಅದಕ್ಕೂ ಬಾಗುತ್ತದೆ. ಕಡಿಮೆ ಸಾಮಾನಿನಲ್ಲಿ, ಅವರಿವರ ಕೈಯಲ್ಲಿ, ದಶಕಗಟ್ಟಲೆ ಉಳಿಯುವಂಥದು. ಇದಕ್ಕಿಂತ ಒಳ್ಳೆಯ ವಿನ್ಯಾಸಕ್ಕೆ ಇನ್ನೇನು ಲಕ್ಷಣ ಬೇಕು?

ಲೆಕ್ಕ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹತ್ತು ಅಡಿ ಸಾಲಿಗೆ ಮಲಗಿಸಿ ಉದ್ದಕ್ಕಿಟ್ಟರೆ ಹದಿಮೂರು, ಹದಿನಾಲ್ಕು. 45 ಡಿಗ್ರಿ ಓರೆಗೆ ಸುಮಾರು 28. ನೆಟ್ಟಗೆ ನಿಲ್ಲಿಸಿ ಅಗಲದ ಮೈ ಸಾಲಿಗೆ ಬರುವಂತಿಟ್ಟರೆ 27. ದಪ್ಪದ ಮೈ ಬಂದರೆ 40.

ಜೂನ್ 2

ಕೆಲಸ ಶುರು. ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಬಾಗುವ ಕಡೆ ನೀರಿನ ಪೈಪು ಹಾಸಿ ಅದರ ಗುಂಟ ಪುಡಿ ಬಿಟ್ಟೆ. ಪೈಪು ಬಿಸಿಲಿಗೆ ಕಾದಿರಬೇಕು, ಆಗ ಹೇಳಿದಂತೆ ಬಾಗುತ್ತದೆ.

ಓರೆಗೆ ನಿಂತ ಒಂಬತ್ತಿಂಚಿನ ಇಟ್ಟಿಗೆಯ ಎತ್ತರ ಎಂಟೂವರೆ ಇಂಚು. ಅರ್ಧ ಮಣ್ಣೊಳಗೆ. ಕೆಳಗೆ ಎಂ-ಸ್ಯಾಂಡ್ ಎರಡಿಂಚು. ಹಾಗಾಗಿ ಚರಂಡಿ ಆರರಿಂದ ಆರೂವರೆ ಇಂಚು ಆಳ, ಇಟ್ಟಿಗೆಗಿಂತ ಒಂದು ಕೈ ಅಗಲ ಹೆಚ್ಚು. ಮೇಸ್ತ್ರಿ ಎರಡು ತುದಿಗೆ ಗೂಟ ಹೊಡೆದು ದಾರ ಕಟ್ಟಿ, ರಸಮಟ್ಟ ಹಿಡಿದು ನೋಡಿ, ಹಲ್ಲಿನಂತೆ ಮೇಲೆದ್ದ ತುದಿಗಳೆಲ್ಲ ದಾರ ಮುಟ್ಟುವಂತೆ ಒಂದೊಂದನ್ನೇ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದರು. ಮೊದಲ ಇಟ್ಟಿಗೆಯ ಕೋನಕ್ಕೆ ಮೂಲೆಮಟ್ಟ ಹಿಡಿದರು. ಆಮೇಲಿನವಕ್ಕೆ ಏನೂ ಹಿಡಿಯಲಿಲ್ಲ. ಹಿಂದಿನ ಇಟ್ಟಿಗೆಯೇ ಅಳತೆ.

ಸಂಜೆ ಅವರೊಂದು ಮಾತು ತೆಗೆದರು: ಬುಡಕ್ಕೆ ಒಂದಿಷ್ಟು ಸಿಮೆಂಟ್ ಕಾಂಕ್ರೀಟ್ ಹಾಕಿಬಿಟ್ಟರೆ ಮತ್ತೆ ನೋಡುವಂತಿಲ್ಲ. ನಾನು ಬೇಡವೆಂದೆ, ಕಾರಣವನ್ನೂ ಹೇಳಿದೆ. ಸುತ್ತಲೂ ಸಿಮೆಂಟಿನ ಕಟ್ಟೆಯಾದರೆ ಪಾತಿಯೊಳಗಿನ ಹೆಚ್ಚಿನ ನೀರಿಗೆ ದಾರಿಯಿಲ್ಲ, ಬೇರು ಕೊಳೆಯುತ್ತದೆ. ಹಿತ್ತಿಲ ಸಂಪಿಗೆ ಮರದ ಬೇರು ಎಂದಾದರೂ ಇತ್ತ ಬಂದೇ ಬರುತ್ತದೆ. ಒಣ ಜೋಡಣೆಯಾದರೆ ಎರಡು ಇಟ್ಟಿಗೆ ಮೇಲೇಳುತ್ತವೆ, ತೆಗೆದು ಮತ್ತೆ ಕೂರಿಸಬಹುದು. ಕಾಂಕ್ರೀಟು ಸೀಳಿದರೆ ಇಡೀ ಸಾಲನ್ನೇ ಒಡೆಯಬೇಕು. ಗದಗಿನ ಕಡೆಯ ಎರೆ ಮಣ್ಣಿನಲ್ಲಂತೂ ಈ ಮಾತು ಇನ್ನೂ ನಿಜ. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಜೊತೆ ಏರಿ ಇಳಿಯಬಲ್ಲ ಅಂಚೇ ಅಲ್ಲಿ ಬಾಳುವುದು. ಮೇಸ್ತ್ರಿ ತಲೆಯಾಡಿಸಿದರು. ಆದರೆ ಗೇಟಿನ ಪಕ್ಕ, ಗಾಡಿಯ ಚಕ್ರ ತಾಗುವ ಮೂಲೆಗೆ ಮಾತ್ರ ಗಾರೆ ಇರಲಿ ಎಂದರು. ಆ ಮಾತು ಸರಿ, ಒಪ್ಪಿದೆ.

ಜೂನ್ 5

ಸಂಪಿಗೆ ಮರದ ಸುತ್ತು. ನಾಲ್ಕಡಿ ಅಡ್ಡಳತೆಯ ವೃತ್ತ, ನಡುವೆ ಹಗ್ಗ ಹಿಡಿದು ಗೆರೆ. ಇಲ್ಲಿ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆ, ದಪ್ಪದ ಮೈ ಒಳಗಡೆಗೆ. ಒಳಸುತ್ತು ಸುಮಾರು 151 ಇಂಚು, ಮೂರಿಂಚಿಗೊಂದರಂತೆ 50 ಇಟ್ಟಿಗೆ. ಒಳಗೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಹೊರಗೆ ಪ್ರತಿ ಜೋಡಿಯ ನಡುವೆ ಅರ್ಧ ಇಂಚಿಗಿಂತ ತುಸು ಹೆಚ್ಚು ಬಾಯಿ ಬಿಡುತ್ತದೆ. ಮೇಸ್ತ್ರಿ ಇಟ್ಟಿಗೆ ಚೂರು, ಮರಳು ತುರುಕಿ ಬಿಗಿ ಮಾಡಿದರು. ವೃತ್ತ ಇನ್ನೂ ಚಿಕ್ಕದಾದರೆ ಬಾಯಿ ಇನ್ನೂ ದೊಡ್ಡದು. ಎರಡಡಿಗಿಂತ ಕಿರಿದಕ್ಕೆ ಅರ್ಧ ಇಟ್ಟಿಗೆಯೇ ಬೇಕಾದೀತು.

ಅಂಚು ಕಟ್ಟಿಯಾಯಿತೆಂದು ಮರದ ಬುಡಕ್ಕೆ ಮಣ್ಣು ಏರಿಸಕೂಡದು. ಮನೆಮನೆಯಲ್ಲೂ ಇದನ್ನು ನೋಡಿ ಸಂಕಟವಾಗುತ್ತದೆ. ತೊಗಟೆ ಸದಾ ಹಸಿಯಾಗಿದ್ದರೆ ಕೊಳೆಯುತ್ತದೆ. ಕಾಂಡ ನೆಲಕ್ಕೆ ಸೇರುವಲ್ಲಿ ಅಗಲಗೊಳ್ಳುವ ಭಾಗ ಯಾವಾಗಲೂ ಗಾಳಿಗೆ ತೆರೆದಿರಬೇಕು.

ಜೂನ್ 23

ಆರಿದ್ರಾ ಹಿಡಿದಿದೆ. ಕೊಡೆ ಹಿಡಿದು ಹೋಗಿ ನೋಡಿದೆ. ಇಟ್ಟಿಗೆಗಳ ಸಂದಿಯಲ್ಲಿ ನೀರು ತಿಳಿಯಾಗಿ ಒಸರುತ್ತಿದೆ, ಮಣ್ಣು ಒಳಗೇ ಕುಳಿತಿದೆ. ಕಾಲುದಾರಿ ಶುಭ್ರ. ತುಂಬ ಖುಷಿಯಾಯಿತು.

ಹುಲ್ಲುಹಾಸಿನ ಕಡೆಗೆ ಹಾಕಿದ ಚಾಪೆ ಹೆಣಿಗೆಯ ಪಟ್ಟಿ ನೆಲದ ಮಟ್ಟಕ್ಕೇ ಇದೆ, ಹುಲ್ಲು ಕತ್ತರಿಸುವ ಯಂತ್ರದ ಒಂದು ಚಕ್ರ ಅದರ ಮೇಲೆ ಉರುಳುತ್ತದೆ. ಮೊದಲು ಕೂತು ಕತ್ತರಿಯಲ್ಲಿ ಕತ್ತರಿಸುತ್ತಿದ್ದ ಅಂಚಿನ ಹುಲ್ಲು ಈಗ ಒಂದೇ ಸುತ್ತಿಗೆ ಮುಗಿಯುತ್ತದೆ. ಗರಿಕೆ ಹೆಚ್ಚಾಗಿ ಮೇಲುಮಣ್ಣಲ್ಲೇ ಹರಿದಾಡುತ್ತದೆ, ಹೂತ ಇಟ್ಟಿಗೆಯ ಮೈಗೆ ಬಂದು ತಿರುಗುತ್ತದೆ. ತುಂಗೆಗಡ್ಡೆಗೆ ಇದು ತಡೆಯೇ ಅಲ್ಲ. ಅದರ ಗಡ್ಡೆ ಇನ್ನೂ ಕೆಳಗಿನಿಂದ ದಾಟುತ್ತದೆ. ಅಗೆದು ತೆಗೆಯುವುದೊಂದೇ ದಾರಿ.

ಇನ್ನೊಂದು ತೊಂದರೆ ಆಫ್ರಿಕನ್ ದೈತ್ಯ ಬಸವನಹುಳು. ಹಗಲೆಲ್ಲ ಇಟ್ಟಿಗೆಯ ತಂಪು ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಚೆಂಡುಹೂವಿನ ಎಳೆ ಸಸಿಗೆ ಬರುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪಪಾಯ ಎಲೆ ಹಾಕಿಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬಾರದು, ಕೈಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಬೇಕು. ಸಂದಿಗಳಿಗೆ ಮರಳು ಇನ್ನೊಂದು ಸಲ ತುಂಬಿದೆ.

ಜುಲೈ 21

ನೆರಳಿನ ಕಡೆಯ ಇಟ್ಟಿಗೆಗೆ ಹಾವಸೆ ಬಂದಿದೆ. ನಿಂತ ಇಟ್ಟಿಗೆಯ ಮೇಲೆ ಇರಲಿ, ಚೆಂದ. ನಡೆಯುವ ಪಟ್ಟಿಯ ಮೇಲಿನದನ್ನು ಬ್ರಷ್ಷಿನಲ್ಲಿ ಉಜ್ಜಿದೆ, ಜಾರುತ್ತದೆ.

ಅಂಚಿನ ಗಿಡಗಳ ಪಟ್ಟಿ ಮಾಡಿದೆ. ಕೃಂಬಿಗಲ್ 1908ರಿಂದ 1932ರ ತನಕ ಲಾಲ್‌ಬಾಗನ್ನು ನೋಡಿಕೊಂಡಾಗ ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದರದು ಶುರುವಾಗುವಂತೆ ನೆಡಿಸಿದ ಯೋಚನೆ ನನಗೆ ಬಹಳ ಇಷ್ಟ. ಅಷ್ಟು ದೊಡ್ಡದನ್ನು ಅಂಗೈಯಗಲದ ಅಂಚಿಗೂ ತರಬಹುದು. ಬಿಸಿಲಿನ ಕಡೆ ಟೇಬಲ್ ರೋಸ್: ಹಗಲೆಲ್ಲ ಕಾದ ಇಟ್ಟಿಗೆಯ ಬಿಸಿ ಅದಕ್ಕೆ ಹಿಡಿಸುತ್ತದೆ, ಹಲ್ಲುಗಳ ನಡುವಿನಿಂದ ಹೊರಗೆ ಚೆಲ್ಲಿಕೊಳ್ಳುತ್ತದೆ. ಅದು ಬಳಲುವ ಚಳಿಗಾಲಕ್ಕೆ ದವನ, ಮರುಗ. ನೆರಳಿಗೆ ಕನಕಾಂಬರ ಇದ್ದೇ ಇದೆ. ಎತ್ತರದ್ದು ಯಾವುದೂ ಮುಂದೆ ಬರಬಾರದು. ಇಟ್ಟಿಗೆಯ ಗೆರೆ ಮುಚ್ಚಿಹೋಗುತ್ತದೆ.

ಆಗಸ್ಟ್ 11

ಪಕ್ಕದ ಬೀದಿಯ ಶಾಲೆಯಲ್ಲಿ ಧ್ವಜಸ್ತಂಭದ ಪಾತಿಗೆ ಓರೆ ಇಟ್ಟಿಗೆ ಇಡುವ ಕೆಲಸ. ಏಳನೇ ತರಗತಿಯ ಮಕ್ಕಳು, ಅವರ ಗಣಿತದ ಟೀಚರು, ನಾನು. ಸುತ್ತಳತೆ ಇಪ್ಪತ್ತಡಿ, 57 ಇಟ್ಟಿಗೆ ಬೇಕೆಂದು ಮೊದಲೇ ಹೇಳಿದ್ದೆ. ಅದು ಹೇಗೆ ಗೊತ್ತಾಯಿತು ಎಂದು ಒಬ್ಬ ಹುಡುಗಿ ಹಿಡಿದ ಪಟ್ಟು ಬಿಡಲಿಲ್ಲ.

ಜಾಮಿಟ್ರಿ ಬಾಕ್ಸಿನಲ್ಲಿ 45 ಡಿಗ್ರಿಯ ಮೂಲೆಪಟ್ಟಿ ಇರುತ್ತದಲ್ಲ, ಅದನ್ನೇ ನೆಲಕ್ಕೆ ಹಿಡಿದು ಮೊದಲ ಇಟ್ಟಿಗೆ ಒರಗಿಸಿದೆವು. ನಾಲ್ಕಾರು ಇಟ್ಟಿಗೆ ಕೂತ ಮೇಲೆ ಒಂದು ಹಲ್ಲಿನ ತುದಿಯಿಂದ ಮುಂದಿನ ಹಲ್ಲಿನ ತುದಿಗೆ ಅಳೆಯಲು ಹೇಳಿದೆ. ನಾಲ್ಕೂಕಾಲು ಇಂಚು. ಇಟ್ಟಿಗೆಯ ದಪ್ಪವೋ ಮೂರೇ. ಹಾಗಾದರೆ ಹೆಚ್ಚಿನ ಒಂದೂಕಾಲು ಎಲ್ಲಿಂದ ಬಂತು? ಟೀಚರು ಭಾಗಿಸಿ ನೋಡಿ ಎಂದರು. ಬಂದದ್ದು 1.41. ಆ ಹುಡುಗಿ ಬಳಪದಲ್ಲಿ ಇಟ್ಟಿಗೆಯ ತಲೆಯ ಮೇಲೊಂದು ತ್ರಿಕೋನ ಬರೆದಳು, ಎರಡು ಬಾಹು ಮೂರು ಮೂರು ಇಂಚು, ನಡುವೆ ಲಂಬಕೋನ. ವರ್ಗ ಮಾಡಿ ಕೂಡಿದರೆ ಹದಿನೆಂಟು. ಅದರ ವರ್ಗಮೂಲ ನಾಲ್ಕೂಕಾಲರ ಹತ್ತಿರ. 240 ಇಂಚನ್ನು ಅದರಿಂದ ಭಾಗಿಸಿ ತಾನೇ 57ಕ್ಕೆ ಬಂದು ನಿಂತಳು. ಟೀಚರ ಮುಖ ನೋಡಬೇಕಿತ್ತು. ನನಗೂ ಕಣ್ಣು ತುಂಬಿತು.

ಬಣ್ಣದ ವಿಚಾರಕ್ಕೆ ಎನಾಮೆಲ್ ಬೇಡವೆಂದು ಒಪ್ಪಿಸಿದ್ದೇನೆ. ಅದು ಇಟ್ಟಿಗೆಯ ಮೈ ಮುಚ್ಚುತ್ತದೆ, ಕೆಳಗಿನಿಂದ ಏರಿದ ತೇವ ಹೊರಬರಲಾರದೆ ಬಣ್ಣದ ಸಮೇತ ಇಟ್ಟಿಗೆಯ ಚಕ್ಕೆ ಎಬ್ಬಿಸುತ್ತದೆ. ಸುಣ್ಣ, ಕೆಮ್ಮಣ್ಣು ಉಸಿರಾಡುತ್ತವೆ. ದೇವಸ್ಥಾನದ ಪೌಳಿಗೆ ಬಳಿಯುವ ಪಟ್ಟೆಯ ಬಣ್ಣಗಳೇ ಇವು, ಹಿಂದಿನವರು ಸುಮ್ಮನೆ ಆರಿಸಲಿಲ್ಲ. ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ಬಳಿಯೋಣ. ಸುಣ್ಣ ಅರಳಿಸುವಾಗ ನೀರು ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ; ಆ ಕೆಲಸ ಮಕ್ಕಳಿಗಿಲ್ಲ. ಆರಿದ ತಿಳಿ ಮಾತ್ರ ಅವರ ಕೈಗೆ.

ಅಕ್ಟೋಬರ್ 20

ಮಳೆ ಹಿಂದೆ ಸರಿದು ಇಟ್ಟಿಗೆ ಒಣಗುತ್ತಿದ್ದಂತೆ ಕೆಲವಕ್ಕೆ ಬಿಳಿ ಉಪ್ಪು ಮೂಡಿದೆ. ಇಟ್ಟಿಗೆಯ ಒಳಗಿನ, ಮಣ್ಣಿನ ಲವಣ ನೀರಿನ ಜೊತೆ ಮೇಲೆ ಬಂದು, ನೀರು ಆರಿದ ಮೇಲೆ ಉಳಿದದ್ದು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಗುಡಿಸಿ ಎತ್ತಿಬಿಡಬೇಕು. ಚಕ್ಕೆ ಏಳುತ್ತಿದ್ದ ಒಂದೆರಡನ್ನು ಬದಲಾಯಿಸಿದೆ. ಒಣ ಜೋಡಣೆಯಾದ್ದರಿಂದ ಕಾಫಿ ಆರುವಷ್ಟರಲ್ಲಿ ಮುಗಿಯಿತು.

ಇನ್ನು ಬಾವಿಯ ಕಡೆಗೆ ಹೋಗುವ ದಾರಿ. ಮೀನಿನ ಮುಳ್ಳಿನ ಜೋಡಣೆಗೆ ಈಗ ಹರವು ಸಿಗುತ್ತದೆ. ಮಲಗಿಸಿದರೆ ಚದರಡಿಗೆ ಮೂರೂವರೆ ಇಟ್ಟಿಗೆಗಿಂತ ತುಸು ಹೆಚ್ಚು. ಮೂರಡಿ ಅಗಲ, ಇಪ್ಪತ್ತಡಿ ಉದ್ದಕ್ಕೆ 213, ಬದಿಯ ತುಂಡುಗಳಿಗೆ ಇನ್ನೊಂದಿಷ್ಟು. ಎರಡೂ ಅಂಚಿಗೆ ನೆಟ್ಟಗೆ ಹೂತ ಇಟ್ಟಿಗೆಯ ಸಾಲು ಮೊದಲು ಕೂರಬೇಕು, ಇಲ್ಲವಾದರೆ ನಡುವಿನದು ಬದಿಗೆ ಹರಡಿಕೊಳ್ಳುತ್ತದೆ. ನೀರು ನಿಲ್ಲದಂತೆ ಪಾತಿಯ ಕಡೆಗೆ ಅಡಿಗೆ ಕಾಲಿಂಚು ಇಳಿಜಾರು. ಮೇಸ್ತ್ರಿಗೆ ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದೇನೆ. ಅಷ್ಟರಲ್ಲಿ ಗೆರೆ ಎಳೆದು, ತುಂಗೆಗಡ್ಡೆಯನ್ನೆಲ್ಲ ಅಗೆದು ತೆಗೆಸಬೇಕು.